ಮಾಯಾ ರಾಜ ಸಿಂಹಾಸನ ಬಿಟ್ಟು ಓಡಿದ್ದು

ಬಡವನಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನ ಮೇಷ್ಟ್ರು. ಒಂದು ಶನಿವಾರ ಒಂಬತ್ತನೇ ತರಗತಿಗೆ ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಸಮಾಜವನ್ನು ಆಡಿಸಿ ತೋರಿಸೋಣ ಅನ್ನಿಸಿತು. ರಾಜ, ಶ್ರೀಮಂತರು, ಲಿಪಿಕಾರರು, ವ್ಯಾಪಾರಿಗಳು, ರೈತರು, ಗುಲಾಮರು. ಯಾರು ಏನಾಗಬೇಕು ಅಂತ ನಾನೇ ಹೇಳಿದರೆ ಊರಿನ ಹಳೆಯ ಮೇಲು-ಕೀಳೆಲ್ಲ ಎದ್ದು ಕೂರುತ್ತದೆ ಅಂತ ಹೆದರಿ ಚೀಟಿ ಎತ್ತಿಸಿದೆ.

ರಾಜನ ಚೀಟಿಯನ್ನು ಮಾತ್ರ ನಮ್ಮ ಹೆಡ್‌ಮಾಸ್ಟರು ಎತ್ತಲು ಬಿಡಲಿಲ್ಲ. "ರಾಜಂಗೆ ಗಂಟ್ಲು ಬೇಕು ಕಣ್ರೀ. ಈ ಹುಡುಗ್ರಿಗೆ ಎಲ್ಲೈತೆ? ನಾನೇ ಆಗ್ತೀನಿ ಬುಡಿ" ಅಂದರು. ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿ ಕೂತರು. ತಲೆಗೆ ನವಿಲುಗರಿ ಸಿಕ್ಕಿಸಿದ ಪಟ್ಟಿ. ಮೇಜು ಒಂದು ಕಡೆ ಕುಂಟುತ್ತಿದ್ದುದರಿಂದ ರಾಜರು ಆಗಾಗ ತೂಗುತ್ತಿದ್ದರು.

ಪಾವಗಡದ ಗಣಿತದ ಮೇಡಂ ಶ್ರೀಮಂತರ ಗುಂಪಿಗೆ ಸೇರಿ ಪಕ್ಕದ ಮೇಜಿನ ಮೇಲಿನ ಕುರ್ಚಿ ಹಿಡಿದರು. ಮಾಯಾ ಶ್ರೀಮಂತರಿಗೆ ಮೆಳ್ಳೆಗಣ್ಣೇ ಅಂದ, ಮಗುವಿನ ಕಣ್ಣ ಮುಂದೆ ಮಣಿ ತೂಗಿಬಿಟ್ಟು ಮೆಳ್ಳೆ ಮಾಡಿಸುತ್ತಿದ್ದರಂತೆ ಅಂತ ನಾನು ಹೇಳಿದ್ದೇ ತಡ, ಮೇಡಂ ಹಣೆಯಿಂದ ಮಣಿ ಇಳಿಬಿಟ್ಟುಕೊಂಡು ಮೂಗಿನ ತುದಿಯನ್ನೇ ನೋಡತೊಡಗಿದರು. ಶ್ರದ್ಧೆ ಅಂದರೆ ಅದು.

ನಾನು ಒಬ್ಬೊಬ್ಬರ ಕೆಲಸ ಓದಿದೆ. ರೈತರು ಮೆಕ್ಕೆಜೋಳ ಬೆಳೆಯಬೇಕು, ಗುಡಿಗೆ ಕಲ್ಲು ಹೊರಬೇಕು. ಲಿಪಿಕಾರರು ರಾಜನನ್ನು ಹೊಗಳಿ ಬರೆಯಬೇಕು. ರಾಜರು ಮೀಸೆ ಸವರಿಕೊಂಡರು. ಆಮೇಲೆ ರಾಜನ ಸರದಿ: "ದೇವತೆಗಳನ್ನು ಒಲಿಸಿಕೊಳ್ಳಲು ಅರಸನು ತನ್ನ ನಾಲಿಗೆಯನ್ನೇ ಮುಳ್ಳಿನಿಂದ ಚುಚ್ಚಿ ರಕ್ತ ಅರ್ಪಿಸಬೇಕು."

ರೈತರ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಸಾ, ಮಳೆ ಬಂದಿಲ್ಲ, ನಮ್ ಜೋಳ ಒಣಗ್ತಾ ಐತೆ. ಶುರು ಮಾಡಿ ಸಾ." ಇನ್ನೊಬ್ಬಳು ಕಿಟಕಿಯಾಚೆಯ ಬೇಲಿಯಿಂದ ಜಾಲಿ ಮುಳ್ಳೇ ಮುರಿದು ತಂದುಬಿಟ್ಟಳು.

ಹೆಡ್‌ಮಾಸ್ಟರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ನಂಗೆ ಬಿಪಿ ಐತೆ ಕಣ್ರಮ್ಮ! ಮಾತ್ರೆ ನುಂಗೋ ನಾಲ್ಗೆ ಇದು!"

"ದೇವ್ರಿಗೆ ಅದೆಲ್ಲ ಗೊತ್ತಾಗಲ್ಲ ಸಾ."

ಅವರು ಕುರ್ಚಿಯಿಂದ ಧುಮುಕಿ ಗುಲಾಮರ ಬೆಂಚಿನತ್ತ ನಡೆದರು. ಅಲ್ಲಿದ್ದ ದಪ್ಪ ಹುಡುಗನಿಗೆ ಕಿರೀಟ ಚಾಚಿ, "ತಗಳ್ಲಾ, ನೀನೇ ಆಳು" ಅಂದರು. ಅವನು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. "ಬ್ಯಾಡ ಸಾ, ನಾನ್ ಇಲ್ಲೇ ಚೆನ್ನಾಗಿವ್ನಿ." ಗುಲಾಮರನ್ನು ಕೆಲವು ಸಲ ಬಲಿಗೇ ಕೊಡುತ್ತಿದ್ದರು ಅನ್ನುವುದನ್ನು ನಾನಿನ್ನೂ ಓದಿರಲಿಲ್ಲ. ಆ ಗಳಿಗೆಯಲ್ಲಿ ಓದುವ ಮನಸ್ಸೂ ಬರಲಿಲ್ಲ.

ಈ ಗದ್ದಲ ಕೇಳಿ ಗಣಿತದ ಮೇಡಂ ಎದ್ದರು. ಮೆಳ್ಳೆಗಣ್ಣಲ್ಲಿ ಎಲ್ಲವೂ ಎರಡೆರಡು ಕಾಣುತ್ತಿತ್ತಂತೆ. ತಡವರಿಸುತ್ತ ಬಂದು, ತಮ್ಮ ಜಾಗ ಅಂದುಕೊಂಡು ಮೇಜು ಹತ್ತಿ ನೇರ ಸಿಂಹಾಸನದಲ್ಲೇ ಕೂತರು. ಮಕ್ಕಳೆಲ್ಲ "ರಾಣಿಗೆ ಜೈ!" ಅಂತ ಕೂಗಿದರು.

"ಏಮೈಂದಿ? ಯಾಕ್ ಕೂಗ್ತೀರಾ?" ಅಂತ ಮೇಡಂ ತೆಲುಗು ಬೆರೆಸಿ ಕೇಳುವಷ್ಟರಲ್ಲಿ ಜಾಲಿ ಮುಳ್ಳು ಅವರ ಮೂಗಿನ ಹತ್ತಿರ ಬಂದಿತ್ತು. ಕಣ್ಣು ತಟ್ಟನೆ ನೆಟ್ಟಗಾಯಿತು. ಅವರು ಕಿರುಚಿದ ಸದ್ದಿಗೆ ಪಕ್ಕದ ತರಗತಿಯವರೂ ಓಡಿ ಬಂದರು.

ಕೊನೆಗೆ ರಾಜನಿಲ್ಲದೆಯೇ ಮಾಯಾ ಸಮಾಜ ನಡೆಯಿತು. ಹೆಡ್‌ಮಾಸ್ಟರು ರೈತರ ನಡುವೆ ಕೂತು, ಆ ಮಕ್ಕಳು ಬುತ್ತಿಗೆ ತಂದಿದ್ದ ಸುಟ್ಟ ಜೋಳ ತಿನ್ನುತ್ತ ತುಂಬ ಖುಷಿಯಾಗಿದ್ದರು. ಮುಂದಿನ ವಾರದ ಕಿರುಪರೀಕ್ಷೆಯಲ್ಲಿ 'ನೀವು ಯಾವ ವರ್ಗದಲ್ಲಿ ಹುಟ್ಟಲು ಬಯಸುತ್ತೀರಿ?' ಎಂದು ಕೇಳಿದ್ದೆ. ಒಬ್ಬಳು ಬರೆದಿದ್ದಳು: 'ವ್ಯಾಪಾರಿ. ಯಾವಾಗಲೂ ಬೇರೆ ಊರಿನಲ್ಲಿ ಇರಬಹುದು.' ಪೂರ್ತಿ ಅಂಕ ಕೊಟ್ಟೆ.