ಕಾಗದದ ಮೇಲೆ ಇಲ್ಲದ ಅಕ್ಕ

ಕೊಟ್ಟೂರಿನ ಹಿಟ್ಟಿನ ಗಿರಣಿ ನೀಲಗಂಗಮ್ಮನಿಗೆ ಕೆನಡಾದಲ್ಲಿ ಕಾಯಂ ಆಗಿ ಇರುವ ಪರವಾನಗಿ ಸಿಕ್ಕಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಅದೂ ತಾನು ಇದ್ದೇನೆಂದು ಆ ಸರ್ಕಾರವನ್ನು ಒಪ್ಪಿಸಿದ ಮೇಲೆ. ಅವಳು ಸತ್ತಿದ್ದಾಳೆಂದು ಯಾರೂ ಬರೆದಿರಲಿಲ್ಲ. ಹುಟ್ಟಿಯೇ ಇಲ್ಲವೆಂದು ಬರೆದಿದ್ದರು. ಬರೆದವನು ಅವಳ ಸ್ವಂತ ತಮ್ಮ. ಅವನು ಬರೆಯುವಾಗ ಪಕ್ಕದಲ್ಲಿ ಕುಳಿತು ಮಂಡಕ್ಕಿ ಮೆಲ್ಲುತ್ತಿದ್ದವಳು ಅವಳೇ.

ತಮ್ಮನ ಹೆಸರು ಅರುಣಕುಮಾರ್, ಅಕ್ಕನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅವನಿಗೆ ಎರಡು ತುಂಬುವುದರೊಳಗೆ ತಾಯಿ ಹಾಲಮ್ಮ ತೀರಿಕೊಂಡಳು, ಮರುವರ್ಷ ತಂದೆ ಏಕಾಂತಪ್ಪನೂ ಹೋದ. ನೀಲಗಂಗಮ್ಮ ಆಗಷ್ಟೇ ಕೋಗಳಿಯಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದಿದ್ದಳು. ತವರಿನಿಂದ ಬೇರೆಯವರು ಹಸು ತಂದರೆ ಇವಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಅತ್ತೆ ಮೂಗು ಮುರಿದಳು. ಮುರಿದ ಮೂಗು ಹಾಗೇ ಇರಲಿ ಎಂದು ಬಿಟ್ಟ ನೀಲಗಂಗಮ್ಮ, ತನಗೆ ಮಗಳು ಸುಮಲತಾ ಹುಟ್ಟಿದ ಮೇಲೆ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಉಣ್ಣಿಸಿ ಬೆಳೆಸಿದಳು. ಗಂಡ ಅರ್ಧದಲ್ಲಿ ಕೈಬಿಟ್ಟು ಹೋದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿರಣಿಯ ಬೆಲ್ಟು ತಾನೇ ಏರಿಸಿದಳು. ಒಣಮೆಣಸಿನಕಾಯಿ ಕುಟ್ಟುವ ಮಶಿನ್ನಿನ ಮುಂದೆ ಇಪ್ಪತ್ತು ವರ್ಷ ನಿಂತವಳ ಬಾಯಿ ಹೇಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಸುಮಲತಾಗೆ ಇಪ್ಪತ್ತಾದಾಗ ಗಂಡು ಹುಡುಕುವ ತೊಂದರೆಯೇ ಬರಲಿಲ್ಲ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಆ ಕಡೆ ಎಷ್ಟು ಮಾಮೂಲು ಎಂದರೆ, ಕೊಡದಿದ್ದರೆ ಏನು ಜಗಳವಾಯಿತೆಂದು ಜನ ವಿಚಾರಿಸುತ್ತಾರೆ. ಮದುವೆಯಲ್ಲಿ ಹೆಣ್ಣಿನ ಕಡೆಯ ಹಿರಿಯಳೂ ನೀಲಗಂಗಮ್ಮನೇ, ಗಂಡಿನ ಕಡೆಯ ಹಿರಿಯಳೂ ಅವಳೇ. ಬೀಗರ ಮೇಲೆ ಮುನಿಸಿಕೊಳ್ಳಬೇಕೆಂದರೂ ಕನ್ನಡಿ ಮುಂದೆ ಹೋಗಿ ನಿಲ್ಲಬೇಕಿತ್ತು. “ಅಳಿಯ ಅಂತ ಇವನು ಗತ್ತು ಮಾಡಾಕ ಬರಂಗಿಲ್ಲ, ಇವನ ಕುಂಡಿ ತೊಳದಾಕಿ ನಾನು,” ಎಂದು ಚಪ್ಪರದಲ್ಲಿ ಎಲ್ಲರೆದುರು ಹೇಳಿ ಮದುಮಗನ ಕಿವಿ ಕೆಂಪಾಗಿಸಿದಳು. ಮದುವೆಯಾದ ಮೇಲೂ ಅವನು ಅವಳನ್ನು ಅತ್ತೆ ಎನ್ನಲಿಲ್ಲ, ಅವಳು ಅವನನ್ನು ಅಳಿಯ ಎನ್ನಲಿಲ್ಲ.

ಅರುಣಕುಮಾರ್ ಐಟಿಐ ಮುಗಿಸಿ ಹೊಸಪೇಟೆಯ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಓಡಿಸುತ್ತಿದ್ದ. ಕೆನಡಾದಲ್ಲಿ ಲೇತ್ ಕೆಲಸದವರಿಗೆ ಬರಗಾಲ ಬಂದಿದೆ ಎಂದು ೧೯೯೮ರಲ್ಲಿ ಅವನ ಕಿವಿಯಲ್ಲಿ ಊದಿದವನು ಏಜೆಂಟ್ ಪ್ರವೀಣಕುಮಾರ್. ಈ ಪುಣ್ಯಾತ್ಮ ತುಂಗಭದ್ರಾ ಡ್ಯಾಮಿನಿಂದ ಆಚೆ ಹೆಚ್ಚು ದೂರ ಹೋದವನಲ್ಲ, ಆದರೆ ಕೆನಡಾದ ಚಳಿಯ ಸುದ್ದಿ ಹೇಳುವಾಗ ಅಂಗೈ ಉಜ್ಜಿಕೊಳ್ಳುತ್ತಿದ್ದ. ಅರ್ಜಿ ತುಂಬಿಸಲು ಗಿರಣಿಗೇ ಬಂದ. ಹೆಂಡತಿಯ ತಾಯಿ ಯಾರು ಎಂಬಲ್ಲಿ ನೀಲಗಂಗಮ್ಮ ಎಂದು ಬರೆಸಿದ. ಅರ್ಜಿದಾರನ ಒಡಹುಟ್ಟಿದವರು ಎಂಬಲ್ಲಿಗೆ ಬಂದಾಗ ಮತ್ತೆ ನೀಲಗಂಗಮ್ಮ ಎಂದಿತು ಮನೆಮಂದಿಯ ಬಾಯಿ. ಪ್ರವೀಣಕುಮಾರ್ ಅರುಣಕುಮಾರನ ಕೈಯಿಂದ ಪೆನ್ನು ಕಸಿದು ಮುಚ್ಚಳ ಹಾಕಿಬಿಟ್ಟ. ಅಕ್ಕನ ಮಗಳನ್ನು ಕಟ್ಟಿಕೊಂಡಿದ್ದಾನೆಂದು ತಿಳಿದರೆ ಆ ಬಿಳಿ ಜನ ಅರ್ಜಿಯನ್ನು ಮುಖಕ್ಕೆ ಎಸೆಯುತ್ತಾರೆ, ಇಬ್ಬರಲ್ಲಿ ಒಬ್ಬಳನ್ನು ತೆಗೆಯಲೇಬೇಕು ಎಂದ.

ತಾಯಿ ಇಲ್ಲದೆ ಹೆಂಡತಿ ಹುಟ್ಟುವುದು ಕಷ್ಟ. ಹಾಗಾಗಿ ಅಕ್ಕನನ್ನೇ ತೆಗೆದರು. ಒಡಹುಟ್ಟಿದವರು ಯಾರೂ ಇಲ್ಲ ಎಂದು ಬರೆಯುವ ಮುಂಚೆ ಅರುಣಕುಮಾರ್ ಒಮ್ಮೆ ಅವಳ ಮುಖ ನೋಡಿದ.

“ಬರಕೊಳ್ಳೋ ಲೇ. ಕಾಗದದಾಗ ಇಲ್ಲಂದ್ರ ನಾನೇನು ತೆಳ್ಳಗ ಆಕ್ಕೀನೇನು?” ಎಂದಳು ನೀಲಗಂಗಮ್ಮ.

ಎರಡು ಸಾವಿರದ ಇಸವಿಯಲ್ಲಿ ಗಂಡ ಹೆಂಡತಿ ವಿಮಾನ ಹತ್ತಿದರು. ಟೊರಾಂಟೊ ಹತ್ತಿರದ ಒಂದು ಊರಿನಲ್ಲಿ ನೆಲಮಾಳಿಗೆ ಹಿಡಿದರು, ಅವನಿಗೆ ಲೇತ್ ಕೆಲಸವೂ ಸಿಕ್ಕಿತು, ಒಂದು ಗಂಡು ಒಂದು ಹೆಣ್ಣು ಮಕ್ಕಳಾದವು. ಇತ್ತ ನೀಲಗಂಗಮ್ಮನಿಗೆ ಗಿರಣಿಯ ಸದ್ದು ಮೊದಲ ಸಲ ಜಾಸ್ತಿ ಅನ್ನಿಸತೊಡಗಿತು. ತಾನು ಸಾಕಿದ ಎರಡೂ ಜೀವ ಒಂದೇ ಕಡೆ ಇವೆ, ತಾನು ಮಾತ್ರ ಬೇರೆ ಕಡೆ ಎಂಬುದು ಅವಳಿಗೆ ಅನ್ಯಾಯವಾಗಿ ಕಂಡಿತು, ಹಾಗೆಂದು ಫೋನಿನಲ್ಲಿ ಬೈದೂ ಬೈದಳು. ಸುಮಲತಾ ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕಿದಳು.

ಅಲ್ಲಿಂದ ಶುರುವಾಯಿತು ಭಾನುವಾರದ ಪಾಠ. ದಿಲ್ಲಿಯಲ್ಲಿ ಸಂದರ್ಶನ ಇರುತ್ತದೆ, ಮೊದಲಿನ ಅರ್ಜಿಗೂ ಇದಕ್ಕೂ ತಾಳೆಯಾಗಬೇಕು, ಇಲ್ಲದಿದ್ದರೆ ಅವಳ ಪರವಾನಗಿ ಹೋಗಲಿ, ತಮ್ಮದೇ ಹೋಗುತ್ತದೆ ಎಂದು ಅರುಣಕುಮಾರ್ ಫೋನಿನಲ್ಲಿ ಪ್ರಶ್ನೆ ಕೇಳಿ ಉತ್ತರ ಒಪ್ಪಿಸಿಕೊಳ್ಳುತ್ತಿದ್ದ. ಅರುಣಕುಮಾರ್ ನಿನಗೆ ಏನಾಗಬೇಕು? ಅಳಿಯ. ತಮ್ಮಂದಿರು ಇದ್ದಾರೆಯೇ? ಇಲ್ಲ. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಒಂದು ಭಾನುವಾರ “ತಮ್ಮಂದಿರು?” ಎಂದು ಅವನು ಕೇಳಿ ಮುಗಿಸುವ ಮೊದಲೇ “ಯಾರೂ ಇಲ್ಲ” ಎಂದು ಬಾಯಿಗೆ ಬಂದುಬಿಟ್ಟಿತು. ಶಹಬ್ಬಾಸ್ ಎಂದ ಅವನು. ಫೋನಿಟ್ಟ ಮೇಲೆ ನೀಲಗಂಗಮ್ಮ ಅವತ್ತು ಒಲೆ ಹಚ್ಚಲಿಲ್ಲ.

೨೦೦೪ರಲ್ಲಿ ದಿಲ್ಲಿಗೆ ಹೋಗಲು ಪ್ರವೀಣಕುಮಾರನೇ ಜೊತೆಯಾದ. ಕೆನಡಾದ ಚಳಿ ಬಲ್ಲ ಈ ಪಂಡಿತ ದಿಲ್ಲಿಯ ಡಿಸೆಂಬರಿಗೇ ಜ್ವರ ಹಿಡಿಸಿಕೊಂಡು ಲಾಡ್ಜಿನಲ್ಲಿ ಮುದುರಿಕೊಂಡ. ನೀಲಗಂಗಮ್ಮ ಒಬ್ಬಳೇ ಆಟೊ ಹತ್ತಿ ಕೆನಡಾದವರ ಕಚೇರಿಗೆ ಹೋದಳು. ಗೇಟಿನಲ್ಲಿ ಅವಳ ಕೊರಳಿನ ಬೆಳ್ಳಿ ಕರಡಿಗೆ ತೋರಿಸಿ ಇದೇನೆಂದು ಕೇಳಿದರು. ಒಳಗೆ ಲಿಂಗವಿದೆ, ದೇವರು, ಸಿಡಿಯುವುದಿಲ್ಲ ಎಂದು ಕೈಸನ್ನೆಯಲ್ಲಿ ತಿಳಿಸಿ ಒಳಹೊಕ್ಕಳು.

ಕಿಟಕಿಯಾಚೆ ಕನ್ನಡಕ ಹಾಕಿದ ಬಿಳಿ ಹೆಂಗಸು, ಪಕ್ಕದಲ್ಲಿ ಮಾತು ತಿಳಿಸಿ ಹೇಳಲು ಒಬ್ಬ ಕನ್ನಡದವಳು. ಈ ಕನ್ನಡದವಳದು “ತಮ್ಮ ತೀರ್ಥರೂಪರ ಹೆಸರೇನು” ಎನ್ನುವಂಥ ಕನ್ನಡ. ನೀಲಗಂಗಮ್ಮ ಏಕಾಂತಪ್ಪ ಎಂದಳು. ಊರು? ಕೋಗಳಿ. ತಾಯಿ? ಹಾಲಮ್ಮ. ಬಿಳಿ ಹೆಂಗಸು ಇನ್ನೊಂದು ಫೈಲು ಪಕ್ಕಕ್ಕೆ ಎಳೆದುಕೊಂಡಳು. ನಿಮ್ಮ ಅಳಿಯನ ತಂದೆಯೂ ಏಕಾಂತಪ್ಪ, ತಾಯಿಯೂ ಹಾಲಮ್ಮ, ಊರೂ ಕೋಗಳಿ, ಇವರು ಒಬ್ಬರೇ ಏನು ಎಂದು ಕೇಳಿಸಿದಳು.

ಅಕ್ಕನನ್ನು ಅಳಿಸಿದ ಜಾಣರು ಅಪ್ಪ ಅಮ್ಮನನ್ನು ಹಾಗೇ ಬಿಟ್ಟಿದ್ದರು. ಇಷ್ಟು ವರ್ಷದ ಭಾನುವಾರದ ಪಾಠದಲ್ಲಿ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ನಮ್ಮ ಕಡೆ ಆ ಹೆಸರಿನವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ ಎಂದುಬಿಡಬಹುದಿತ್ತು, ಆ ಮಾತು ನಾಲಿಗೆಯ ತುದಿವರೆಗೂ ಬಂದಿತ್ತು. ಆದರೆ ತಾನು ಇಲ್ಲದವಳಾಗುವುದು ಬೇರೆ, ಸತ್ತು ಮಣ್ಣಾದ ಅಪ್ಪನನ್ನು ಇಬ್ಬರನ್ನಾಗಿ ಮಾಡುವುದು ಬೇರೆ. ಅದಕ್ಕೆ ಅವಳಿಗೆ ಬಾಯಿ ಬರಲಿಲ್ಲ.

“ಒಬ್ಬರ ಅದಾರ್ರಿ. ಅವ ನನ್ನ ತಮ್ಮ. ನಾನ ಸಾಕೀನಿ, ನಾನ ಮಗಳ್ನ ಕೊಟ್ಟೀನಿ. ತಪ್ಪಾಗಿದ್ರ ನನ್ನ ಅರ್ಜಿ ಹರದು ಹಾಕ್ರಿ, ಅವನ ತಂಟಿಗೆ ಹೋಗಬ್ಯಾಡ್ರಿ,” ಎಂದಳು. ಕೈ ಕಿಟಕಿಯ ಕಟ್ಟೆ ಹಿಡಿದುಕೊಂಡಿತ್ತು.

ಬಿಳಿ ಹೆಂಗಸು ಬಹಳ ಹೊತ್ತು ಬರೆದಳು. ಆಮೇಲೆ ಹೇಳಿಸಿದ್ದು ಇಷ್ಟು. ಅಕ್ಕ ಇದ್ದರೂ ಇಲ್ಲದಿದ್ದರೂ ಅವನ ಅರ್ಜಿಗೆ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ. ನಿಮ್ಮಲ್ಲಿ ರೂಢಿಯಿರುವ ಮದುವೆಗೆ ನಮ್ಮದೇನೂ ತಕರಾರಿಲ್ಲ. ಮುಚ್ಚಿಟ್ಟಿದ್ದು ಮಾತ್ರ ತಪ್ಪು, ಯಾಕೆ ಮುಚ್ಚಿಟ್ಟೆನೆಂದು ಅವನು ಬರೆದು ಕಳಿಸಬೇಕು.

“ಹಂಗಾರ ಆರು ವರ್ಷ ನಾನು ಸುಮ್ಮಸುಮ್ಮನ ಇಲ್ಲದಾಕಿ ಆಗಿದ್ನೇನ್ರಿ?” ಎಂದು ನೀಲಗಂಗಮ್ಮ ಕೇಳಿದಳು. ಕನ್ನಡದವಳು ಅದನ್ನು ಇಂಗ್ಲಿಷಿಗೆ ಹಾಕುವ ಗೋಜಿಗೆ ಹೋಗಲಿಲ್ಲ. ಲಾಡ್ಜಿಗೆ ಬಂದು ಪ್ರವೀಣಕುಮಾರನಿಗೆ ಅವಳು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವನ ಜ್ವರ ಇಳಿಯಿತು ಎಂದರೆ ಸಾಕು.

ಅರುಣಕುಮಾರ್ ಬರೆದು ಕಳಿಸಿದ. ಮರುವರ್ಷ ಫೆಬ್ರುವರಿಯಲ್ಲಿ ನೀಲಗಂಗಮ್ಮ ಗಿರಣಿಯನ್ನು ಮೈದುನ ಕೊಟ್ರಬಸಪ್ಪನಿಗೆ ಒಪ್ಪಿಸಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಟೊರಾಂಟೊದಲ್ಲಿ ಇಳಿದಳು. ಕಾಯಂ ವಾಸದ ಕಾಗದಕ್ಕೆ ಠಸ್ಸೆ ಬಿತ್ತು. ಹೊರಗೆ ಬಂದರೆ ತಮ್ಮ ಓಡಿಬಂದು ಕಾಲಿಗೆ ಬಿದ್ದು, “ಬನ್ನಿ ಅತ್ತೆ, ಪ್ರಯಾಣ ಚೆನ್ನಾಗಿತ್ತಾ?” ಎಂದ.

ನೀಲಗಂಗಮ್ಮ ಹಿಂದೆ ತಿರುಗಿ ಯಾರು ಬಂದರೆಂದು ನೋಡಿದಳು. ಯಾರೂ ಇರಲಿಲ್ಲ. ಅವನ ಪಕ್ಕದಲ್ಲಿ ಅಲ್ಲಿನ ಕನ್ನಡ ಸಂಘದವರೊಬ್ಬರು ವ್ಯಾನಿನ ಕೀಲಿ ಹಿಡಿದು ನಿಂತಿದ್ದರು. ಸಾಮಾನು ಸಾಗಿಸಲು ಬಂದ ಉಪಕಾರಿಗಳು.

ಮನೆಯೊಳಗೆ ಹೋದ ಮೇಲೆ ಅವನು ಮತ್ತೆ ಅಕ್ಕ ಎಂದ, ಬಾ ಹೋಗು ಎಂದ. ಹಾಗಾಗಿ ಅವಳು ಅದನ್ನು ಅಷ್ಟಕ್ಕೇ ಬಿಟ್ಟು ಊರಿಗೆ ಹೊಂದಿಕೊಳ್ಳುವುದರಲ್ಲಿ ಬಿದ್ದಳು. ಸೀರೆಯ ಮೇಲೆ ಅಳಿಯನದೋ ತಮ್ಮನದೋ ಹಳೆಯ ಕೋಟು, ಕಾಲಿಗೆ ಮೊಣಕಾಲುದ್ದದ ಬೂಟು. ಆಸ್ಪತ್ರೆಗೊಂದು ಕಾರ್ಡು, ಬಸ್ಸಿಗೊಂದು ಕಾರ್ಡು, ತಾನು ತಾನೇ ಎನ್ನುವುದಕ್ಕೊಂದು ಕಾರ್ಡು. ಹೊಸದಾಗಿ ಬಂದವರಿಗೆ ಇಂಗ್ಲಿಷ್ ಹೇಳಿಕೊಡುವ ಪುಕ್ಕಟೆ ಶಾಲೆಗೂ ಸೇರಿದಳು. ಅಲ್ಲಿ ಚೀನಾದ ಮುದುಕರು, ಪಾಕಿಸ್ತಾನದ ಹೆಂಗಸರು, ಎಲ್ಲರೂ ಇವಳಂತೆಯೇ ಆರು ಪದದಲ್ಲಿ ಸಂಸಾರ ಮಾಡುವವರು.

ಒಂದು ದಿನ ಮೇಡಂ ಎಲ್ಲರಿಂದಲೂ ಅವರವರ ಮನೆತನದ ಗಿಡ ಬರೆಸಿದಳು. ನೀಲಗಂಗಮ್ಮನ ಗಿಡದಲ್ಲಿ ಕೊಂಬೆಯೊಂದು ಮೇಲೆ ಹೋಗಿ ಮತ್ತೆ ಬಗ್ಗಿ ಕಾಂಡಕ್ಕೇ ಕೂಡಿಕೊಂಡಿತು. ಮೇಡಂ ಚಂದ ಇದೆ ಎಂದಳು. ಪಾಕಿಸ್ತಾನದವಳು ತನ್ನದು ತೋರಿಸಿದಳು, ಅದರಲ್ಲಿ ಮೂರು ಕೊಂಬೆ ಕೂಡಿದ್ದವು. ಇಬ್ಬರೂ ಕೈ ತಟ್ಟಿ ನಕ್ಕರು. ಆ ಹಾಳೆಯನ್ನು ತಂದು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಸಂಜೆ ಕೆಲಸದಿಂದ ಬಂದ ಅರುಣಕುಮಾರ್ ಅದನ್ನು ಕಿತ್ತು ಮಡಚಿ ಡ್ರಾಯರಿಗೆ ಹಾಕಿದ.

ಶನಿವಾರ ಸಂಘದವರು ಊಟಕ್ಕೆ ಬರುತ್ತಾರೆ, ಬೆಂಗಳೂರು ಮೈಸೂರಿನ ಓದಿದ ಮಂದಿ, ಅಕ್ಕನ ಮಗಳನ್ನು ಕಟ್ಟಿಕೊಂಡವನೆಂದು ಗೊತ್ತಾದರೆ ಹಿಂದೆ ನಿಂತು ನಗುತ್ತಾರೆ, ನಾಳೆ ಮಕ್ಕಳಿಗೂ ಅಂದು ತೋರಿಸುತ್ತಾರೆ ಎಂದ. ಸುಮಲತಾ ತಲೆ ತಗ್ಗಿಸಿ ಪಾತ್ರೆ ತೊಳೆಯುತ್ತಿದ್ದಳು.

“ಬಿಳಿ ಮಂದಿಗೆ ಅಂಜಿ ಬರದಿ ಅಂತ ತಿಳದಿದ್ನಿ. ನೀನು ಅಂಜಿದ್ದು ನಮ್ಮವರಿಗೇನು?” ಎಂದಳು ನೀಲಗಂಗಮ್ಮ. ಅವಳಿಗೆ ಸಿಟ್ಟು ಬರಬೇಕಿತ್ತು, ದುಃಖ ಬಂತು. ಒಂದು ದೇಶದ ಸರ್ಕಾರವೇ ಅವಳನ್ನು ಅವನ ಅಕ್ಕ ಎಂದು ಒಪ್ಪಿಕೊಂಡಿತ್ತು. ಒಪ್ಪದವನು ಇವನೊಬ್ಬ.

ಆ ಸಲದ ಯುಗಾದಿ ಊಟ ಶಾಲೆಯೊಂದರ ಹಾಲಿನಲ್ಲಿ. ನೂರೈವತ್ತು ಜನ, ಉದ್ದನೆಯ ಮೇಜು. ನೀಲಗಂಗಮ್ಮ ಇಳಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ಕುಳಿತಿದ್ದಳು. ಅರುಣಕುಮಾರ್ ಬಕೆಟ್ಟು ಹಿಡಿದು ಸಾರು ಬಡಿಸುತ್ತಿದ್ದ. ಸಂಘದ ಕಾರ್ಯದರ್ಶಿ, ಬೆಂಗಳೂರಿನ ಗೀತಾಂಜಲಿ, ಎದುರಿನ ಕುರ್ಚಿಯಲ್ಲಿ ಕುಳಿತು ಮಾತಿಗೆಳೆದಳು. ನಿಮ್ಮ ಅಳಿಯ ಬಹಳ ಒಳ್ಳೆಯವರು, ಎಷ್ಟು ಮರ್ಯಾದೆಯಿಂದ ನೋಡಿಕೊಳ್ಳುತ್ತಾರೆ, ಇಂಥ ಹುಡುಗ ಎಲ್ಲಿ ಸಿಕ್ಕಿದರು ಎಂದು ಕೇಳಿದಳು.

ಎರಡು ಎಲೆಯಾಚೆ ಸೌಟು ನಿಂತಿತು. ನೀಲಗಂಗಮ್ಮ ಅವನ ಮುಖ ನೋಡಿದಳು. ಚಿಕ್ಕವನಿದ್ದಾಗ ಗಿರಣಿಯ ಬೆಲ್ಟು ಕಡಿದುಕೊಂಡು ಹಾರಿದಾಗ ಅವನು ಹೀಗೇ ನೋಡಿದ್ದ. ಆ ಮುಖ ಕಂಡು ಅವಳ ಮನಸ್ಸು ಕರಗಿತು, ನಾಲಿಗೆ ಮಾತ್ರ ಕರಗಲಿಲ್ಲ.

ಭಾರಿ ಹುಡುಕಿದೆವು ಎಂದು ಶುರುಮಾಡಿದಳು. ಹರಪನಹಳ್ಳಿಯ ಗಂಡಿಗೆ ಹೆಣ್ಣಿಗಿಂತ ಬೈಕಿನ ಮೇಲೆ ಆಸೆ ಜಾಸ್ತಿ. ಹಿರೇಹಡಗಲಿಯ ಗಂಡು ನೋಡಲು ಬಂದವನು ಮೂರು ತಟ್ಟೆ ಉಪ್ಪಿಟ್ಟು ತಿಂದು ಅಲ್ಲೇ ನಿದ್ದೆ ಹೋದ. ಕೂಡ್ಲಿಗಿಯವನು ತನ್ನ ತಾಯಿಯನ್ನು ಕೇಳದೆ ಸೀನುವುದೂ ಇಲ್ಲ. ಸುತ್ತಲಿನವರೆಲ್ಲ ಎಲೆ ಬಿಟ್ಟು ಅವಳತ್ತ ತಿರುಗಿ ನಗತೊಡಗಿದರು.

“ಕಡೀಕ ಈ ಹುಡುಗ ಸಿಕ್ಕ. ಹುಡುಗ ಬಂಗಾರ. ಆದ್ರ ಇವಗೊಬ್ಬಾಕಿ ಅಕ್ಕ ಇದ್ಲು ನೋಡ್ರಿ, ಭಾಳ ಗಟವಾಣಿ. ಅಕಿ ಸಲುವಾಗಿ ಹಿಂದ ಮುಂದ ನೋಡಿದ್ವಿ.”

“ಅವರಿಗೆ ಅಕ್ಕ ಇದ್ದರಾ? ಈಗ ಎಲ್ಲಿದ್ದಾರೆ?” ಎಂದಳು ಗೀತಾಂಜಲಿ.

“ಹೋದ್ಲ್ರಿ. ಇವ ಕೆನಡಾಕ್ಕ ಅರ್ಜಿ ಹಾಕಿದ ವರ್ಷನ ಹೋದ್ಲು.”

ನಗು ಅಡಗಿತು. ಗೀತಾಂಜಲಿ ಪಾಪ ನಿಜವಾಗಿಯೂ ನೊಂದುಕೊಂಡು, ನೀವು ಒಂದು ದಿನವೂ ಹೇಳಲಿಲ್ಲವಲ್ಲ ಎಂದು ಅರುಣಕುಮಾರನ ತೋಳು ಮುಟ್ಟಿದಳು. ಅವನು ಬಕೆಟ್ಟನ್ನು ನೆಲಕ್ಕಿಟ್ಟ. ಐದು ವರ್ಷ ಸಂಘದಲ್ಲಿ ಬೆಂಗಳೂರಿನವರಂತೆ ಮಾತಾಡಿಕೊಂಡು ಬಂದಿದ್ದವನ ಬಾಯಿಂದ ಕೊಟ್ಟೂರು ಹೊರಬಿತ್ತು.

“ಹೋಗಿಲ್ರಿ. ಇಲ್ಲೇ ಕುಂತಾಳ. ಇಕಿನ ನಮ್ಮಕ್ಕ. ಇಕಿ ಮಗಳ್ನ ನಾನು ಮಾಡ್ಕೊಂಡೀನಿ.”

ಯಾರು ಯಾರ ಮುಖ ನೋಡಿದರೋ, ಯಾರ ಹುಬ್ಬು ಎಷ್ಟು ಮೇಲೇರಿತೋ, ನೀಲಗಂಗಮ್ಮನಿಗೆ ಗೊತ್ತಿಲ್ಲ. ಅವಳು ತಲೆ ಎತ್ತದೆ ಎಲೆಯ ಮೇಲಿನ ಅನ್ನವನ್ನು ಗುಂಡಿ ಮಾಡುತ್ತಿದ್ದಳು.

“ಅಕ್ಕಗ ಸಾರು ಹಾಕೋ ಮತ್ತ, ಆರಾಕತ್ತೈತಿ,” ಎಂದಳು.

ಅವನು ಬಗ್ಗಿ ಸಾರು ಹಾಕಿದ. ಅರ್ಧ ಸಾರು ಅವಳ ಇಳಕಲ್ ಸೀರೆಯ ಮೇಲೆ ಬಿತ್ತು. ಅವಳು ಬೈಯಲಿಲ್ಲ.