ನೀರು ನೋಡಲು ಹೋದ ಮಾವ

ಮದ್ದೂರಿನ ತರಬೇತಿಗೆ ನಮ್ಮ ಮಹಿಳಾ ಸಂಘದಿಂದ ಯಾರೂ ಒಪ್ಪದಿದ್ದಾಗ ನಾನು ಕೈ ಎತ್ತಿದೆ. ಒಂದು ದಿನ ಒಲೆ ಮುಂದೆ ನಿಲ್ಲುವುದು ತಪ್ಪುತ್ತದಲ್ಲ ಎಂಬುದಷ್ಟೇ ಆಸೆ. ಸಂಜೆ ಬಸ್ಸಿನಲ್ಲಿ ನಮ್ಮೂರು ಆತಗೂರಿಗೆ ಮರಳುವಾಗ ನನ್ನ ತೊಡೆಯ ಮೇಲೆ ನೀರು ಪರೀಕ್ಷಿಸುವ ಪೆಟ್ಟಿಗೆಯಿತ್ತು. ಗಾಜಿನ ಕೊಳವೆಗೆ ನೀರು ತುಂಬಿ ಔಷಧಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಹಾಗೇ ಉಳಿದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡಿನ ಭಯವಿಲ್ಲ, ಹಳದಿಗೆ ತಿರುಗಿದರೆ ಆ ನೀರು ಕುಡಿಯಬಾರದು. ಇಷ್ಟು ಕಲಿತಿದ್ದಕ್ಕೇ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ನಮ್ಮ ಬೋರ್‌ವೆಲ್ ನೀರು ಹಿಡಿದೆ. ಮಾವ ಮುಂದೆ ನಿಂತು ಕೊರೆಸಿದ್ದ ಬೋರು ಅದು. ನೋಡುನೋಡುತ್ತಲೇ ಕೊಳವೆಯಲ್ಲಿ ಅರಿಸಿನ ಕದಡಿದಂತಾಯಿತು.

"ನಿನ್ ಔಸ್ದಿ ಕೆಟ್ಟೋಗೈತೆ ಕಣವ್ವ," ಎಂದರು ಮಾವ. "ಈ ನೀರ್ ಕುಡ್ದೇ ಅಲ್ವಾ ನಾನ್ ಕಲ್ಲಿದ್ದಂಗಿರೋದು?"

"ಕಲ್ಲಿದ್ದಂಗೇ ಇದ್ದೀಯ. ಅದ್ಕೇ ಮಂಡಿ ಮಡ್ಚೋಕಾಗಾಕಿಲ್ಲ," ಎಂದು ಅತ್ತೆ ಒಳಗಿನಿಂದಲೇ ಹೇಳಿದರು.

ನನಗೆ ನಗು ತಡೆಯಲಾಗಲಿಲ್ಲ. ಆದರೆ ಮಗಳ ಹಲ್ಲಿನ ಮೇಲಿನ ಕಂದು ಕಲೆ ನೆನಪಾಗಿ ನಗು ಅರ್ಧಕ್ಕೇ ನಿಂತಿತು. ಇಷ್ಟು ದಿನ ಅದಕ್ಕೆ ಚಾಕ್ಲೇಟನ್ನು ಬೈಯುತ್ತಿದ್ದೆ.

ಮಾವ ರೇಗಿಕೊಂಡು ಬೀದಿ ನಲ್ಲಿಗೆ ಹೋಗಿ, ಅಲ್ಲಿ ಬರುವ ಹೊಳೆ ನೀರು ತಂದು ತಾವೇ ಔಷಧಿ ಹಾಕಿದರು. ಗುಲಾಬಿ ಕದಲಲಿಲ್ಲ. ಮತ್ತೆ ಬೋರಿನ ನೀರು ಹಿಡಿದರು. ಮತ್ತೆ ಹಳದಿ. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ ಕಿಸಕ್ಕನೆ ನಕ್ಕರು. "ಏ, ಇದು ಬಲೇ ಮಜವಾಗೈತಲ್ಲ!"

ಅಂದಿನಿಂದ ಕುಡಿಯಲು, ಅಡುಗೆಗೆ ಬೀದಿ ನಲ್ಲಿಯ ನೀರು. ಪೆಟ್ಟಿಗೆ ಮಾತ್ರ ಮಾವನ ಕಂಕುಳು ಸೇರಿತು. ಯಾರ ಮನೆಗೆ ಹೋದರೂ ಕಾಫಿಗೆ ಮೊದಲು ನೀರು ಕೇಳುತ್ತಿದ್ದರು, ಕುಡಿಯುವುದಕ್ಕಲ್ಲ.

ನಾದಿನಿಯ ಮದುವೆ ಮಾತುಕತೆಗೆಂದು ಅವಳನ್ನೂ ಕರೆದುಕೊಂಡು ಮಳವಳ್ಳಿಯ ಗಂಡಿನ ಮನೆಗೆ ಹೋದಾಗಲೂ ಅಷ್ಟೇ. ಉಪ್ಪಿಟ್ಟು ಬಂತು. ಮಾವ ಜೇಬಿನಿಂದ ಗಾಜಿನ ಕೊಳವೆ ತೆಗೆದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪು ತಿಳ್ಕೋಬ್ಯಾಡಿ. ಎಣ್ಣು ಕೊಡೋ ಮನೆ ನೀರ್ ನೋಡ್ಬೇಕಲ್ವಾ?"

ಗಂಡಿನ ತಾಯಿ ಮುಖ ಬಿಗಿದುಕೊಂಡು ಎದ್ದು ಒಳಗೆ ಹೋದರು. ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಅವರು ತುಂಬಿದ ಚೊಂಬು ಹಿಡಿದು ಬಂದರು. "ನೋಡ್ಬುಡಿ. ನಮ್ ಬೋರ್ ನೀರ್ ಮ್ಯಾಲೆ ನಂಗೂ ಅನ್ಮಾನ ಐತೆ."

ಎಲ್ಲರೂ ಕೊಳವೆಯ ಸುತ್ತ ಬಗ್ಗಿದೆವು. ಹಳದಿ!

"ನಾನ್ ಬಡ್ಕೊಂಡ್ನಲ್ಲ, ನಲ್ಲಿ ಆಕ್ಸಿ ಅಂತ!" ಎಂದು ಆಕೆ ಗಂಡನ ಕಡೆ ತಿರುಗಿದರು. ಅವರ ಯಜಮಾನರು ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತಾ ಕೂತರು. ನಾದಿನಿ ಸೆರಗು ಬಾಯಿಗೊತ್ತಿಕೊಂಡು ಗೋಡೆ ಕಡೆ ತಿರುಗಿದಳು. ಹುಡುಗನೂ ನಗುತ್ತಿದ್ದ.

"ಉಡ್ಗ ಒಪ್ಗೆ," ಎಂದರು ಮಾವ. "ನೀರ್ ಬದ್ಲಾಯ್ಸಿ, ಸಾಕು."

ಲಗ್ನಕ್ಕೆ ಮುಂಚೆಯೇ ಆ ಮನೆಗೆ ಹೊಳೆ ನೀರಿನ ನಲ್ಲಿ ಬಂತು. ಪರೀಕ್ಷೆ ಮಾಡಲು ಬೀಗಿತ್ತಿ ನನ್ನನ್ನೇ ಕರೆಸಿದರು. ಹೋಗಿ ನೋಡಿದರೆ ಜಗಲಿಯುದ್ದಕ್ಕೂ ಅಕ್ಕಪಕ್ಕದ ಹೆಂಗಸರು ಚೊಂಬು, ಬಾಟಲಿ, ಟಿಫಿನ್ ಡಬ್ಬಿಗಳಲ್ಲಿ ತಮ್ಮ ಮನೆಯ ನೀರು ಹಿಡಿದು ನಿಂತಿದ್ದರು. ಅವತ್ತು ನನಗೆ ಊಟದ ನೆನಪೇ ಬರಲಿಲ್ಲ.