ಹೆಬ್ಬೆಟ್ಟಿನ ಮೇಲಿನ ಸಾಲು

ತಮಿಳುನಾಡಿಗೆ ಸೇರಿದ ಗಡಿಯೂರು ತಾಳವಾಡಿಯ ಬಸ್ ನಿಲ್ದಾಣದ ಎದುರು ನನ್ನ ಟೈಲರ್ ಅಂಗಡಿ. ಪಕ್ಕದ್ದೇ ಸರೋಜಾಳ ಜೆರಾಕ್ಸ್ ಅಂಗಡಿ. ಪಣಕಹಳ್ಳಿಯ ಕೂಲಿಯವರ ಕೇರಿಯ ಹುಡುಗಿ. ಕಾಗದದ ಫೋಟೋ ತೆಗೆದು, ಅದರೊಳಗಿನ ಅಕ್ಷರಗಳನ್ನು ತಿದ್ದಲು ಬರುವ ಹಾಗೆ ವರ್ಡ್ ಫೈಲ್ ಮಾಡಿಕೊಡುವುದರಲ್ಲಿ ಅವಳದು ಎತ್ತಿದ ಕೈ. ತಮಿಳು ಪುಟವನ್ನು ಅವಳ ಸಾಫ್ಟ್‌ವೇರ್ ಸಲೀಸಾಗಿ ಓದುತ್ತದೆ, ಕನ್ನಡದ ಒತ್ತಕ್ಷರ ಕಂಡರೆ ಮುಗ್ಗರಿಸುತ್ತದೆ. ಅವಳು ಒಂದೊಂದನ್ನೇ ಸರಿಮಾಡುತ್ತಾ ಕೂರುತ್ತಾಳೆ. "ಒಂದ್ ಪುಟಕ್ಕೆ ಇಷ್ಟೊತ್ತಾ?" ಎಂದು ರೇಗಿಸಿದರೆ, "ನೀವು ಒಂದ್ ರವಿಕೆಗೆ ಮೂರ್ ವಾರ ಮಾಡಲ್ವಾ ಅಣ್ಣ" ಎಂದು ಬಾಯಿ ಮುಚ್ಚಿಸುತ್ತಾಳೆ.

ಅವಳ ಕೇರಿಗೆ ಬಸ್ಸಿರಲಿಲ್ಲ. ಬಸ್ಸು ಊರ ಮುಂದೆಯೇ ತಿರುಗಿಬಿಡುತ್ತಿತ್ತು. ಅಲ್ಲಿಂದ ಕೇರಿಗೆ ಎರಡು ಕಿಲೋಮೀಟರ್, ಕಾಡಂಚಿನ ದಾರಿ. ಹೋದ ವರ್ಷ ಬೆಳಿಗ್ಗೆ ಕೂಲಿಗೆ ಹೊರಟ ಅವಳ ತಾಯಿ ಚಿಕ್ಕಬಸಮ್ಮನನ್ನು ಆನೆ ಅಟ್ಟಿಸಿಕೊಂಡು ಬಂದಿತ್ತು. ಓಡುವಾಗ ಬಿದ್ದು ಮಂಡಿ ಹೋಯಿತು. ಕೂಲಿ ಬಿಟ್ಟರೆ ಒಲೆ ಉರಿಯುವುದಿಲ್ಲ, ಆಕೆ ಕುಂಟುತ್ತಲೇ ಅದೇ ದಾರಿಯಲ್ಲಿ ನಡೆಯುತ್ತಿದ್ದಳು.

ಅದಕ್ಕೇ ಸರೋಜಾ ಕೈಯಾರೆ ಒಂದು ಮನವಿ ಬರೆದಳು: ಬಸ್ಸು ಕೇರಿಯ ಮಾರಮ್ಮನ ಗುಡಿವರೆಗೆ ಬರಲಿ. ಮನೆ ಮನೆಗೆ ಹೋಗಿ ಓದಿ ಹೇಳಿದಳು. ನಲವತ್ತೊಂದು ಜನ ಒಪ್ಪಿ ಸಹಿ ಹಾಕಿದರು, ಮುಕ್ಕಾಲು ಪಾಲು ಹೆಬ್ಬೆಟ್ಟೇ. ಬಸ್ಸಿನ ಆಫೀಸಿನವರು ಕೈಬರಹ ಬೇಡ, ಟೈಪ್ ಮಾಡಿ ತನ್ನಿ ಎಂದರು. ಫೋಟೋ ತೆಗೆದು ವರ್ಡ್ ಮಾಡಿದಳು. ಮೇಲಿನ ಬರಹ ಅಕ್ಷರವಾಯಿತು, ಕೆಳಗಿನ ಹೆಬ್ಬೆಟ್ಟುಗಳು ಚಿತ್ರವಾಗಿಯೇ ಉಳಿದವು. ಮತ್ತೊಮ್ಮೆ ಮನೆ ಮನೆ ತಿರುಗುವುದು ತಪ್ಪಿತು ಎಂದು ಖುಷಿಪಟ್ಟಳು.

ಮೇಘ ಬಂದದ್ದು ಆಗಲೇ. ಅದೇ ಊರಿನ ತೋಟದ ಮನೆಯವಳು, ಸರೋಜಾಳ ಜೊತೆ ಹತ್ತನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವಳು.

"ಆಫೀಸ್ನೋರು ತಮಿಳಲ್ಲೂ ಕೇಳ್ತಾರೆ ಕಣಮ್ಮಿ. ವರ್ಡಲ್ಲೇ ಕಳ್ಸು, ನಾನು ತಮಿಳು ಸೇರ್ಸಿ ಅಪ್ಪನ ಕೈಲಿ ಕೊಡುಸ್ತೀನಿ," ಎಂದಳು. ಸರೋಜಾ ನನ್ನ ಕಣ್ಣೆದುರೇ ಕಳಿಸಿದಳು. ನಾನೂ ಒಳ್ಳೆಯದಾಯಿತು ಎಂದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಎರಡು ತಿಂಗಳಿಗೆ ಬಸ್ಸು ಮಂಜೂರಾಯಿತು. ಕೇರಿಯವರು ಗುಡಿ ಮುಂದೆ ಅರಿಶಿನ ಕುಂಕುಮ ಹಿಡಿದು ಕಾದರು. ಬಸ್ಸು ಊರ ಮುಂದಿನಿಂದ ಇನ್ನೊಂದು ದಾರಿ ಹಿಡಿದು, ಮೇಘಳ ತೋಟದ ನೀರಿನ ಟ್ಯಾಂಕಿನ ಬಳಿ ನಿಂತಿತು.

ಸರೋಜಾಳನ್ನು ನಾನೇ ಸ್ಕೂಟರಿನಲ್ಲಿ ಆಫೀಸಿಗೆ ಕರೆದೊಯ್ದೆ. ಗುಮಾಸ್ತ ಕಡತ ತೆರೆದು, "ನೀವೇ ಕೇಳಿದ್ದಲ್ವಾ?" ಎಂದ. ಅವಳು ಒಂದೊಂದೇ ಒತ್ತಕ್ಷರ ತಿದ್ದಿದ ಅದೇ ಮನವಿ. ಮಾರಮ್ಮನ ಗುಡಿ ಇದ್ದ ಸಾಲಿನಲ್ಲಿ ಮಾತ್ರ ನೀರಿನ ಟ್ಯಾಂಕ್ ಇತ್ತು. ಅದರ ಕೆಳಗೆ ಚಿಕ್ಕಬಸಮ್ಮನ ಹೆಬ್ಬೆಟ್ಟು.

ಅಲ್ಲಿಂದ ಸೀದಾ ತೋಟಕ್ಕೆ ಹೋದೆವು. ಮೇಘ ಬಾಗಿಲಲ್ಲೇ ನಿಂತು ಮಾತಾಡಿದಳು.

"ಅಪ್ಪ ಯೋಳ್ತು, ಮಾಡ್ದೆ. ನಮ್ ತೋಟಕ್ಕೂ ಆಳು ಬರ್ಬೇಕಲ್ವಾ? ನಿಮ್ಮೋರೇ ತಾನೆ ಬರೋದು, ಊರ್ ಮುಂದ್ಗಂಟ ನಡ್ದು ಬಸ್ ಹತ್ತುದ್ರೆ ಏನಾಯ್ತದೆ?"

"ನಮ್ಮವ್ವನ್ ಮಂಡಿ ನಿಂಗೆ ಗೊತ್ತಿತ್ತು," ಎಂದಳು ಸರೋಜಾ.

"ಒಂದೇ ಒಂದ್ ಸಾಲು ಕಣಮ್ಮಿ. ಇದ್ಕೆಲ್ಲ ಮಕ ಊದುಸ್ಕಬೇಡ."

ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು ನನಗೆ. ಸರೋಜಾ ಬಂದು ಸ್ಕೂಟರ್ ಹತ್ತಿದಳು.

ಮಾರನೆಯ ದಿನವೇ ಹೊಸ ಮನವಿ ಬರೆದು, ಮೊದಲು ತಾಯಿಗೇ ಓದಿ ಹೇಳಿ ಶಾಯಿಯ ಡಬ್ಬಿ ಮುಂದೆ ಹಿಡಿದಳು. ರವಿಕೆ ಕೊಡಲು ಅವರ ಮನೆಗೆ ಹೋಗಿದ್ದ ನಾನು ಬಾಗಿಲಲ್ಲೇ ಇದ್ದೆ. ಚಿಕ್ಕಬಸಮ್ಮ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಆವತ್ತೂ ಇಂಗೇ ಓದುದ್ದೆ. ಇನ್ ನನ್ ಎಬ್ಬೆಟ್ಟು ನಿನ್ ಕೈಗೆ ಕೊಡಕ್ಕಿಲ್ಲ ಕಣವ್ವ."

ಮೇಘಳ ಮುಂದೆ ಒಂದು ಹನಿ ಕಣ್ಣೀರು ಹಾಕದ ಸರೋಜಾ ಅಲ್ಲೇ ಕುಸಿದು ಕೂತು ಅತ್ತಳು.